ಪಾದ್ರಿಯ ಹಿಂದೆ ಮಣ್ಣಿರಲಿಲ್ಲ

ಮರ ಹತ್ತಬಾರದು, ಹಿಮ ಗೋರಬಾರದು, ಹೊಡೆದ ಜಿಂಕೆಯನ್ನು ಎಳೆಯಬಾರದು ಎಂದು ಡಾಕ್ಟರು ನನ್ನ ಗಂಡ ಸುಲೊಗೆ ಹೇಳಿ ಕಳಿಸಿದ್ದರು. ನಮ್ಮ ಕಡೆಯ ಡಾಕ್ಟರುಗಳಿಗೆ ಬೇಟೆಯ ತಿಂಗಳಾದ ನವೆಂಬರಿನಲ್ಲಿ ಗಂಡಸರು ಯಾವುದರಿಂದ ಸಾಯುತ್ತಾರೆ ಎಂದು ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಅವನ ಹೃದಯದ ನಾಳಕ್ಕೆ ಸ್ಟೆಂಟು ಹಾಕಿದ್ದರು. ಆಸ್ಪತ್ರೆಯ ಮಂಚದ ಮೇಲೆ ಮಗುವಿನ ಹಾಗೆ ಎಲ್ಲದಕ್ಕೂ ಹೂಂ ಹೂಂ ಎಂದು ತಲೆಯಾಡಿಸಿದವನು, ಮರದ ಎಲೆ ಕೆಂಪಾಗುವುದೇ ತಡ, ಅಡುಗೆಮನೆಯ ಮೇಜಿನ ಮೇಲೆ ಕೋವಿ ಬಿಚ್ಚಿ ಹರಡಿಕೊಂಡು ಎಣ್ಣೆ ಹಾಕತೊಡಗಿದ.

"ಈ ವರ್ಷ ಬೇಡ ಸುಲೊ," ಎಂದೆ.

"ಯಾವುದು ಬೇಡ?"

"ಗೊತ್ತಿಲ್ಲದೋನ ಹಾಗೆ ಆಡಬೇಡ. ಬೇಟೆ ಬೇಡ."

"ಬೇಟೆ ಶುರುವಾಗೋ ಹದಿನೈದನೇ ತಾರೀಕು ನಾನು ಮನೇಲಿ ಕೂತ್ರೆ, ಆ ಸ್ಟೆಂಟು ನಾಚಿಕೆಯಿಂದ ತಾನೇ ಕಿತ್ಕೊಂಡು ಈಚೆಗೆ ಬರುತ್ತೆ ಕಣೇ."

ನಗು ಬಂತು, ಸಿಟ್ಟೂ ಬಂತು. ಇವನ ಜೊತೆ ಬಾಳುವುದೆಂದರೆ ಮೊದಲಿನಿಂದಲೂ ಹೀಗೇ. ಆದರೆ ಆಸ್ಪತ್ರೆಯ ಕುರ್ಚಿಯ ಮೇಲೆ ಕೂತು ಯಂತ್ರದಲ್ಲಿ ಅವನ ಎದೆಬಡಿತದ ಹಸಿರು ಗೆರೆ ಏರುವುದನ್ನೂ ಇಳಿಯುವುದನ್ನೂ ನೋಡಿದವಳು ನಾನು. ಅದು ಏರಿದಾಗ ಉಸಿರು ತೆಗೆದುಕೊಂಡು, ಇಳಿದಾಗ ಬಿಟ್ಟಿದ್ದೆ. ಇವನಿಲ್ಲದೆ ಬದುಕುವುದು ಹೇಗೆಂದು ನನಗೆ ಗೊತ್ತಿಲ್ಲ, ಕಲಿಯುವ ಆಸೆಯೂ ಇಲ್ಲ.

ಅತ್ತಿಗೆ ಹಿಲ್ಯಾ ಆದರೂ ಬುದ್ಧಿ ಹೇಳಿಯಾಳು ಎಂದು ಅವಳ ಹತ್ತಿರ ಹೋದೆ. ಹಿಲ್ಯಾ ಸುಲೊನ ಅಕ್ಕ. ಅಪ್ಪ ಸತ್ತ ಮೇಲೆ ಕಾಡಿನ ಬೇಟೆಯ ಕ್ಯಾಂಪಿನಲ್ಲಿ ಅವಳದೇ ಆಳ್ವಿಕೆ. ಮದುವೆಯಾಗಲಿಲ್ಲ. ಜೀವನದಲ್ಲಿ ಅವಳ ಮಾತು ಕೇಳದ ಗಂಡಸು ಯಾವನೂ ಸಿಗಲಿಲ್ಲವಂತೆ, ಹಾಗಾಗಿ ಬೇಜಾರಾಗಿ ಬಿಟ್ಟುಬಿಟ್ಟೆ ಎನ್ನುತ್ತಾಳೆ. ಅವಳು ಏಲಕ್ಕಿ ಬ್ರೆಡ್ಡಿನ ತುಂಡನ್ನು ಕಾಫಿಗೆ ಅದ್ದುತ್ತಾ ನನ್ನ ದೂರನ್ನೆಲ್ಲ ಕೇಳಿದಳು.

"ಮನೇಲಿ ಕಟ್ಟಿಹಾಕಿದ್ರೆ ಅವನು ನಿನ್ನನ್ನ ಕೊಲ್ತಾನೆ, ಇಲ್ಲ ನೀನು ಅವನನ್ನ ಕೊಲ್ತೀಯ," ಎಂದಳು. "ಮರ ಹತ್ತಬಾರದು ತಾನೇ? ನೆಲದ ಮೇಲೆ ಕೂತ್ಕೊಳ್ಳಲಿ. ಅವನೊಬ್ಬನೇ ಕೂತ್ರೆ ಮುಖ ಊದಿಸ್ಕೋತಾನೆ. ಈ ವರ್ಷ ನಾವೆಲ್ಲ ನೆಲದ ಮೇಲೇ. ಮರದ ಮೇಲಿನ ಅಟ್ಟಣೆ ಯಾರಿಗೂ ಇಲ್ಲ."

"ಎಳೆಯೋದು?"

"ಎಳೆಯಲ್ಲ ಅಂತ ಮಾತು ತಗೋ. ಹೊಳೆ ಹತ್ತಿರ ಹಿಮದ ಮೇಲೆ ಎಳೆಯೋ ಜಾರುಬಂಡಿ ಇಟ್ಟಿರ್ತೀನಿ. ಹೊಡೆಯೋರು ಹೊಡೀಲಿ, ಆಮೇಲೆ ಮೂರೂ ಜನ ಸೇರಿ ಬಂಡಿ ಮೇಲೆ ತರೋಣ."

ಸುಲೊ ಮಾತು ಕೊಟ್ಟ. ಎದೆಯ ಮೇಲೆ ಕೈಯಿಟ್ಟು, ಸ್ಟೆಂಟಿನ ಆಣೆ ಎಂದ. ನಾನು ಅವನ ಬೆನ್ನಿಗೆ ಒಂದು ಗುದ್ದಿದೆ.

ಬೇಟೆ ಶುರುವಾಗುವ ಹಿಂದಿನ ಸಂಜೆ ಕ್ಯಾಂಪಿನಲ್ಲಿ ಸೌನಾದ ಹಬೆಸ್ನಾನ ಮುಗಿಸಿ, ಕೆಂಪಗೆ ಬೆಂದ ಮುಖಗಳನ್ನು ಹೊತ್ತು ಮೂವರೂ ಮಾಂಸ ತುಂಬಿ ಬೇಯಿಸಿದ ಪಾಸ್ಟಿ ತಿನ್ನಲು ಕೂತೆವು. ಹಿಲ್ಯಾ ಚಮಚದಿಂದ ಮೇಜು ಕುಟ್ಟಿದಳು. ಪ್ರತಿವರ್ಷ ಇರುವ ಪಾಠ, ಆದರೆ ಈ ಸಲ ಪಾಠ ಹೊಸದು.

"ಮರದ ಮೇಲಿಂದ ಹೊಡೆದ್ರೆ ಗುಂಡು ಕೊನೆಗೆ ನೆಲಕ್ಕೆ ಹೋಗುತ್ತೆ. ನೆಲದಿಂದ ಹೊಡೆದ್ರೆ ಎಲ್ಲಿಗೆ ಹೋಗುತ್ತೆ?"

"ಜಿಂಕೆಗೆ," ಎಂದ ಸುಲೊ, ಬಾಯಿ ತುಂಬ ಪಾಸ್ಟಿ.

"ತಪ್ಪಿದ್ರೆ?"

"ನಾನು ತಪ್ಪಲ್ಲ."

"ತಪ್ಪಿದ್ರೆ, ಕತ್ತೆ?"

"ಹಾಗಾದ್ರೆ ಗಡಿ ದಾಟಿ ಕೆನಡಾಕ್ಕೆ."

"ಹ್ಞಾ. ಹಾದೀಲಿ ಯಾರಿರ್ತಾರೋ ಅವರ ಮೂಲಕ ಕೆನಡಾಕ್ಕೆ." ಹಿಲ್ಯಾ ನಗಲಿಲ್ಲ. "ಜಿಂಕೆ ಹಿಂದೆ ಗುಂಡು ತಡೆಯೋ ಮಣ್ಣು ಕಾಣಬೇಕು. ಮಣ್ಣು ಕಾಣದಿದ್ರೆ ಕೋವಿ ಎತ್ತೋ ಹಾಗಿಲ್ಲ. ಪೊದೆ ಮಣ್ಣಲ್ಲ. ಹಿಮ ಮಣ್ಣಲ್ಲ. ಆಕಾಶ ಅಂತೂ ಅಲ್ಲವೇ ಅಲ್ಲ. ಲೆಂಪಿ, ನಿಂಗೂ ಹೇಳ್ತಿರೋದು, ಕಿಟಕಿ ಕಡೆ ಏನು ನೋಡ್ತೀಯ?"

ನಾನು ಪಾದ್ರಿಯ ಬಗ್ಗೆ ಯೋಚಿಸುತ್ತಿದ್ದೆ. ನಮ್ಮ ಜವುಗಿನ ಕಡೆ ಓಡಾಡುವ ಮುದಿ ಗಂಡು ಜಿಂಕೆಗೆ ಆ ಹೆಸರು. ಅದರ ಗೊರಸಿನ ಗುರುತನ್ನು ಎಲ್ಲರೂ ಕಂಡಿದ್ದೆವು, ನನ್ನ ಅಂಗೈ ಅದರೊಳಗೆ ಹಿಡಿಯುತ್ತಿತ್ತು. ಜಿಂಕೆಯನ್ನೇ ಕಂಡವನು ಸುಲೊ ಮಾತ್ರ, ಅದೂ ಒಮ್ಮೆ ಮುಸ್ಸಂಜೆಯಲ್ಲಿ. ಕೋವಿ ಎತ್ತುವುದು ಮರೆತು, ಚರ್ಚಿನಲ್ಲಿ ತೆಗೆಯುವ ಹಾಗೆ ತಲೆಯ ಟೊಪ್ಪಿ ತೆಗೆದನಂತೆ. ಆವತ್ತಿನಿಂದ ಅದು ಪಾದ್ರಿ. ನನಗೂ ಅದರ ಮೇಲೆ ಆಸೆಯಿತ್ತು. ಆ ಆಸೆ ಗಂಡಸರಿಗೆ ಮಾತ್ರ ಇರುತ್ತದೆ ಎನ್ನುವವರು ನಮ್ಮ ಕಡೆಯ ಹೆಂಗಸರನ್ನು ಕಂಡಿಲ್ಲ.

ಬೆಳಕು ಹರಿಯುವ ಮುಂಚೆ ಹಿಲ್ಯಾ ನಮ್ಮನ್ನು ನಮ್ಮ ನಮ್ಮ ಮರದ ಬುಡದಲ್ಲಿ ಕೂರಿಸಿದಳು. ನನ್ನ ಬೆನ್ನಿಗೆ, ನನ್ನ ಹೆಗಲಿಗಿಂತ ಅಗಲವಾದ ಒಂದು ಹೆಮ್ಲಾಕ್ ಮರ. ಎಡಗಡೆ ದೂರದಲ್ಲಿ, ಜವುಗಿನ ಆಚೆ ಅಂಚಿನ ದೊಡ್ಡ ಪೈನ್ ಮರದ ಬುಡದಲ್ಲಿ ಸುಲೊ. ಬಲಗಡೆ ಮರಳಿನ ದಿಣ್ಣೆ, ಅದರ ಆ ಪಕ್ಕದಲ್ಲಿ, ಅತ್ತ ಮುಖ ಮಾಡಿ ಹಿಲ್ಯಾ. ನನ್ನ ನೇರ ಎದುರಿಗೆ ಸೀಡರ್ ಮರಗಳ ದಟ್ಟ ಪೊದೆ, ಅದರ ಹಿಂದೆ ಹೊಳೆ.

"ದಿಣ್ಣೆ ನಿಂದು," ಎಂದು ಹಿಲ್ಯಾ ನನ್ನ ಕಿವಿಯಲ್ಲಿ ಉಸುರಿದಳು. "ಜಿಂಕೆ ದಿಣ್ಣೆ ಮುಂದೆ ಬಂದ್ರೆ ಹೊಡಿ. ಎದುರಿಗೆ ಸೀಡರ್ ಕಡೆ ಇದ್ರೆ ನೋಡ್ಕೊಂಡು ಕೂತಿರು. ನಾನು ಬಂದು ಭುಜ ಮುಟ್ಟೋ ತನಕ ಏಳಬೇಡ."

ನೆಲದ ಮೇಲೆ ಕೂತು ಕಾಡಿನಲ್ಲಿ ಬೆಳಕಾಗುವುದನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ಅಟ್ಟಣೆಯ ಮೇಲೆ ಕೂತರೆ ನಾವು ಕಾಡನ್ನು ಮೇಲಿನಿಂದ ನೋಡುವ ಯಜಮಾನರು. ಕೆಳಗೆ ಕೂತರೆ ಕಾಡು ನಮ್ಮನ್ನು ನೋಡುತ್ತದೆ. ಮೊದಲು ಹಿಮ ಬೂದಿಯ ಬಣ್ಣಕ್ಕೆ ತಿರುಗಿತು, ಆಮೇಲೆ ನೀಲಿಗೆ. ಮರಗಳು ಒಂದೊಂದಾಗಿ ಕತ್ತಲೆಯಿಂದ ಹೊರಗೆ ಬಂದು ನಿಂತವು. ಒಂದು ಇಲಿ ನನ್ನ ಬೂಟಿನ ಮೇಲೆ ಹತ್ತಿ, ಮೀಸೆ ತಿರುಗಿಸಿ, ಇಳಿದು ಹೋಯಿತು. ಯಾಕೆಂದು ಕೇಳಬೇಡಿ, ಇಲಿ ನೋಡಿ ಅಳು ಬರುವಷ್ಟು ಚೆಂದವಿತ್ತು ಆ ಬೆಳಗು.

ಎಡಗಡೆಯಲ್ಲಿ, ಗುಂಡು ತಗುಲದಿರಲಿ ಎಂದು ಬೇಟೆಗಾರರೆಲ್ಲ ಮೇಲೆ ತೊಡುವ ಅಂಗಿಯ ಕಿತ್ತಳೆ ಬಣ್ಣದ ಚುಕ್ಕೆ ಕಾಣಿಸಿತು. ನನ್ನ ಗಂಡ. ಚುಕ್ಕೆ ಮೂಗು ಒರೆಸಿಕೊಂಡಿತು, ಮರಕ್ಕೆ ಬೆನ್ನು ಉಜ್ಜಿತು, ಬಗ್ಗಿ ಏನನ್ನೋ ಹುಡುಕಿತು, ಥರ್ಮಾಸಿನ ಮುಚ್ಚಳ ತೆಗೆಯಿತು. ಇವನು ಚರ್ಚಿನಲ್ಲೂ ಹೀಗೇ, ಊಟಕ್ಕೆ ಕೂತರೂ ಹೀಗೇ, ನಿದ್ದೆಯಲ್ಲೂ ಕಾಲು ಆಡಿಸುತ್ತಾನೆ. ಇಂಥವನಿಗೆ ಅದು ಹೇಗೆ ಜಿಂಕೆ ಸಿಗುತ್ತದೆ ಎಂಬುದು ದೇವರಿಗೇ ಗೊತ್ತು.

ಸಿಕ್ಕೇಬಿಟ್ಟಿತು ನೋಡಿ. ಢಂ ಎಂದು ಒಂದೇ ಗುಂಡು, ಜವುಗೆಲ್ಲ ಗುಡುಗಿತು. ನೋಡಿದರೆ ಕಿತ್ತಳೆ ಚುಕ್ಕೆ ಎದ್ದು ನಿಂತಿತ್ತು. ಅದರ ಕಾಲಿನ ಪಕ್ಕದಲ್ಲೇ ಕಂದು ಬಣ್ಣದ್ದೊಂದು ಬಿದ್ದಿತ್ತು. ಎಳೆಯುವ ಕೆಲಸವೇ ಇಲ್ಲ, ಪುಣ್ಯಾತ್ಮನ ಮರದ ಬುಡಕ್ಕೇ ಬಂದು ಸತ್ತಿತ್ತು. ಚುಕ್ಕೆ ನನ್ನ ಕಡೆ ಎರಡೂ ಕೈ ಎತ್ತಿ ಬೀಸಿತು. ನಾನು ಬೀಸಲಿಲ್ಲ. ಸುಮ್ಮನೆ ಕೂತ್ಕೋ ಮಾರಾಯ, ಎದೆ ಹಿಡ್ಕೊಂಡು ಕೂತ್ಕೋ ಎಂದು ಮನಸ್ಸಿನಲ್ಲೇ ಬೈದೆ.

ಅಷ್ಟರಲ್ಲಿ ಹಿಮ ಶುರುವಾಯಿತು. ಅಗಲವಾದ ಹಳುಕುಗಳು, ಗಾಳಿಯಿಲ್ಲದೆ ನೇರವಾಗಿ ಇಳಿದವು. ಪೈನ್ ಮರ ಹೋಯಿತು, ಸುಲೊ ಹೋದ, ದಿಣ್ಣೆ ಹೋಯಿತು. ನನ್ನ ಬೂಟಿನ ತುದಿಯವರೆಗೆ ಮಾತ್ರ ಲೋಕವಿತ್ತು. ಎಷ್ಟು ಹೊತ್ತೋ. ಮತ್ತೆ ತೆಳ್ಳಗಾದಾಗ ಮೊದಲು ಎಡಕ್ಕೆ ನೋಡಿದೆ. ಪೈನ್ ಮರದ ಬುಡದಲ್ಲಿ ಕಿತ್ತಳೆ ಇತ್ತು. ಸದ್ಯ, ಕೂತಿದ್ದಾನೆ ಎಂದು ನೆಮ್ಮದಿಯಾಯಿತು.

ಆಮೇಲೆ ಎದುರಿಗೆ ನೋಡಿದೆ. ಪಾದ್ರಿ ನಿಂತಿತ್ತು.

ಬಂದದ್ದು ನಾನು ನೋಡಲಿಲ್ಲ. ಬಂದಿತು ಎನ್ನುವುದಕ್ಕಿಂತ, ಇಷ್ಟು ಹೊತ್ತೂ ಅಲ್ಲೇ ಇತ್ತು, ಈಗ ನನಗೆ ಕಾಣುವಂತೆ ಮಾಡಿಕೊಂಡಿತು ಎನ್ನಬೇಕು. ಸೀಡರ್ ಪೊದೆಯಿಂದ ಹೊರಬಿದ್ದು, ಪಕ್ಕೆ ತೋರಿಸಿಕೊಂಡು, ಒಂದು ಕಲ್ಲೆಸೆತದ ದೂರದಲ್ಲಿ. ಅಯ್ಯೋ ದೇವರೇ, ಏನು ಪ್ರಾಣಿ ಅದು! ಬೆನ್ನ ಮೇಲೆ ಬಿದ್ದ ಹಿಮ ಕರಗಿರಲಿಲ್ಲ, ಹೊದಿಕೆಯ ಹಾಗೆ ಕೂತಿತ್ತು. ಕೊಂಬುಗಳು ಬುಡದಲ್ಲಿ ನನ್ನ ಮಣಿಕಟ್ಟಿನಷ್ಟು ದಪ್ಪ, ಕಪ್ಪಗೆ, ತುದಿಯಲ್ಲಿ ಮಾತ್ರ ತಿಕ್ಕಿ ತಿಕ್ಕಿ ಬೆಳ್ಳಗಾಗಿದ್ದವು. ಕೊಂಬಿನ ಕವಲುಗಳ ನಡುವೆಯೂ ಹಿಮ. ಒಂದು ಕಿವಿ ಸೀಳಿತ್ತು. ಮೂತಿಯ ಸುತ್ತ ಬಿಳಿ, ಮುದುಕರ ಗಡ್ಡದಂತೆ. ಉಸಿರು ಬಿಟ್ಟಾಗ ಎರಡು ಹೊಗೆ ನಿಧಾನವಾಗಿ ಮೇಲಕ್ಕೆ ಹೋಗಿ, ಕೊಂಬಿನೊಳಗೆ ಸುತ್ತಿಕೊಂಡು ನಿಂತವು. ನಾನು ಹುಟ್ಟಿ ಬೆಳೆದ ಕಾಡಿನಲ್ಲೇ ಇಂಥದ್ದೊಂದು ನಡೆದಾಡುತ್ತಿತ್ತು, ನಾನು ಅದೇ ಕಾಡಿನ ಪಕ್ಕದಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಮೈ ಜುಮ್ಮೆಂದಿತು. ಬೇಟೆಯ ಜುಮ್ಮಲ್ಲ, ಬೇರೆಯೇ.

ಆದರೂ ಕೋವಿ ತಾನಾಗಿ ಭುಜಕ್ಕೆ ಬಂದಿತ್ತು.

ಅದರ ಹಿಂದೆ ಮಣ್ಣಿರಲಿಲ್ಲ. ಗೊತ್ತು. ಸೀಡರ್ ಇತ್ತು, ಹಿಮದ ಪರದೆ ಇತ್ತು. ಇನ್ನೊಂದಿಷ್ಟು ಬಲಕ್ಕೆ ನಡೆದರೆ ದಿಣ್ಣೆ. ನಡಿಯೋ ತಂದೆ, ನಡಿ ಎಂದು ಬೇಡಿಕೊಂಡೆ. ನಡೆಯಲಿಲ್ಲ. ಒಂದು ಕಿವಿಯನ್ನು ನನ್ನ ಕಡೆ, ಸೀಳಿದ ಕಿವಿಯನ್ನು ಹಿಂದಕ್ಕೆ ತಿರುಗಿಸಿ, ಹೊಳೆಯ ಸದ್ದನ್ನು ಕೇಳುತ್ತಿರುವಂತೆ ನಿಂತೇ ಇತ್ತು.

ಆಗ ನನ್ನ ತಲೆ ವಕೀಲಿ ಶುರು ಮಾಡಿತು. ಹಿಲ್ಯಾಳ ನಿಯಮ ಯಾಕಿರುವುದು? ಹಿಂದೆ ಯಾರಾದರೂ ಇದ್ದಾರು ಎಂದು. ಈ ಕಾಡಿನಲ್ಲಿ ಇರುವವರು ಯಾರು? ಹಿಲ್ಯಾ ದಿಣ್ಣೆಯ ಆಚೆ. ಸುಲೊ ಅಗೋ ಅಲ್ಲಿ, ಮರದ ಬುಡದಲ್ಲಿ, ಕಿತ್ತಳೆ ಬಣ್ಣದಲ್ಲಿ, ಕಣ್ಣಿಗೆ ಹೊಡೆಯುವ ಹಾಗೆ. ಮೂರನೆಯವಳು ನಾನು. ಲೆಕ್ಕ ಸರಿಹೋಯಿತಲ್ಲ. ಸೀಡರ್ ಹಿಂದೆ ಬರೀ ಹೊಳೆ. ಒಂದೇ ಗುಂಡು, ನಾನೂ ತಪ್ಪುವವಳಲ್ಲ. ಹಿಲ್ಯಾ ಬೈಯುತ್ತಾಳೆ, ಬೈಯಲಿ, ಪಾದ್ರಿಯ ಕೊಂಬಿನ ಕೆಳಗೆ ಕೂತು ಬೈಸಿಕೊಳ್ಳುತ್ತೇನೆ.

ಕೋವಿಯ ಸೇಫ್ಟಿ ಕೀಲು ತೆಗೆದೆ. ದುರ್ಬೀನಿನೊಳಗೆ ಅದರ ಭುಜದ ಹಿಂದಿನ ಮಡಿಕೆ ಬಂತು, ಉಸಿರಿಗೆ ಏರಿಳಿಯುವ ತುಪ್ಪಳ ಬಂತು. ಬೆರಳು ಗುಂಡು ಹಾರಿಸುವ ಕುದುರೆಯ ಮೇಲೆ ಕೂತಿತು. ಕೊನೆಯದಾಗಿ, ಹಾಗೇ ಸುಮ್ಮನೆ, ಎಡಗಣ್ಣಿನ ಅಂಚಿನಿಂದ ಕಿತ್ತಳೆಯನ್ನು ನೋಡಿಕೊಂಡೆ. ಇತ್ತು. ಅಲುಗಾಡದೆ ಇತ್ತು. ಒಳ್ಳೆಯದು, ಅವನೂ ಪಾದ್ರಿಯನ್ನು ನೋಡುತ್ತಿದ್ದಾನೆ, ಅದಕ್ಕೇ ಉಸಿರು ಬಿಗಿಹಿಡಿದು ಕೂತಿದ್ದಾನೆ ಎಂದುಕೊಂಡೆ.

ಸುಲೊ? ಅಲುಗಾಡದೆ?

ಹಿಮ ತೆಳ್ಳಗಾದಾಗಿನಿಂದ ಆ ಕಿತ್ತಳೆ ಒಂದು ಸಲವೂ ಮೂಗು ಒರೆಸಿಕೊಂಡಿರಲಿಲ್ಲ. ಬೆನ್ನು ಉಜ್ಜಿರಲಿಲ್ಲ. ಪಕ್ಕಕ್ಕೆ ವಾಲಿಕೊಂಡಿತ್ತು. ಅದರ ಮೇಲೆ ಹಿಮ ಕೂತಿತ್ತು, ಯಾರೂ ಕೊಡವಿರಲಿಲ್ಲ. ಆಸ್ಪತ್ರೆಯ ಹಸಿರು ಗೆರೆ ಕಣ್ಣ ಮುಂದೆ ಬಂತು. ಜಿಂಕೆಯ ಹೊಟ್ಟೆ ಸೀಳಲು ಬಗ್ಗಿದ್ದಾನೆ, ತಲೆ ಸುತ್ತಿದೆ, ಮರಕ್ಕೆ ಒರಗಿದ್ದಾನೆ, ಹಾಗೇ ಹೋಗಿಬಿಟ್ಟಿದ್ದಾನೆ. ನನ್ನ ಎದುರಿಗೇ, ಹಿಮದ ಪರದೆಯೊಳಗೆ, ನಾನು ಇಲ್ಲಿ ಜಿಂಕೆ ನೋಡುತ್ತಾ ಕೂತಿದ್ದಾಗ.

ಬೆರಳು ತೆಗೆದೆ. ಸೇಫ್ಟಿ ಹಾಕಿದೆ, ಕೋವಿಯ ಬಾಯಿಯನ್ನು ನೆಲಕ್ಕೆ ಇಳಿಸಿದೆ. ಪಾದ್ರಿ ಓಡಲಿ, ಲೋಕವೇ ಓಡಲಿ.

"ಸುಲೋ!"

ಪಾದ್ರಿ ಓಡಲಿಲ್ಲ. ತಲೆ ತಿರುಗಿಸಿ ನನ್ನನ್ನು ನೋಡಿತು, ಅಷ್ಟೆ. ಕಪ್ಪು, ತೇವವಾದ, ಅವಸರವಿಲ್ಲದ ಕಣ್ಣು. ಕಿತ್ತಳೆ ಅಲುಗಾಡಲಿಲ್ಲ.

"ಸುಲೋ! ಏಯ್ ಸುಲೋ! ಮಾತಾಡೋ!"

"ಏನೇ?"

ದನಿ ಪೈನ್ ಮರದ ಕಡೆಯಿಂದ ಬರಲಿಲ್ಲ. ಪಾದ್ರಿಯ ಹಿಂದಿನಿಂದ ಬಂತು. ಅದರ ಭುಜದ ಹಿಂದಿನ ಮಡಿಕೆಯಿಂದಲೇ ಬಂದ ಹಾಗೆ, ಸೀಡರಿನೊಳಗಿಂದ, ನೇರವಾಗಿ.

ಆಗ ಪಾದ್ರಿ ಹೊರಟಿತು. ಓಡಿತು ಎನ್ನಲಾರೆ, ನೆಲವನ್ನು ಬಿಟ್ಟಿತು. ಒಂದೇ ನೆಗೆತಕ್ಕೆ ಬೆನ್ನ ಮೇಲಿನ ಹಿಮವೆಲ್ಲ ಗಾಳಿಯಲ್ಲೇ ಅದರ ಆಕಾರದಲ್ಲಿ ನಿಂತಿತು. ಜಿಂಕೆ ಮುಂದೆ ಹೋಯಿತು, ಹಿಮದ ಜಿಂಕೆ ಗಳಿಗೆ ಹೊತ್ತು ಹಿಂದೆ ಉಳಿದು, ಪುಡಿಯಾಗಿ ಇಳಿಯಿತು. ಇನ್ನೊಂದು ನೆಗೆತ, ದಿಣ್ಣೆಯ ಮುಂದೆ. ನಾನು ಹೊಡೆಯಬಹುದಾಗಿದ್ದ ಜಾಗ ಅದು, ಹಿಂದೆ ಬೇಕಾದಷ್ಟು ಮಣ್ಣು. ಕೋವಿ ಎತ್ತಲು ನನಗೆ ಕೈಯೇ ಇರಲಿಲ್ಲ. ದಿಣ್ಣೆಯ ನೆತ್ತಿಯಲ್ಲಿ ಒಮ್ಮೆ ಆಕಾಶಕ್ಕೆ ಎದುರಾಗಿ ಕೊಂಬೆತ್ತಿ ನಿಂತು, ಇಳಿದು ಹೋಯಿತು.

ಸೀಡರ್ ಕೊಂಬೆಗಳನ್ನು ಸರಿಸಿಕೊಂಡು ಸುಲೊ ಹೊರಗೆ ಬಂದ. ಬರಿತಲೆ. ಅವನಪ್ಪನ ಹಳೆಯ ಕಂದು ಉಣ್ಣೆಯ ಕೋಟು, ಜಿಂಕೆಯ ಮೈಯ ಬಣ್ಣವೇ. ಮೈಮೇಲೆ ಒಂದು ಚೂರು ಕಿತ್ತಳೆ ಇಲ್ಲ. ಹಿಂದೆ ಹಗ್ಗದಲ್ಲಿ ಜಾರುಬಂಡಿ ಎಳೆದುಕೊಂಡು ಬರುತ್ತಿದ್ದ.

ಕೋವಿಯಿಂದ ಗುಂಡು ತೆಗೆದೆ. ಹಿಲ್ಯಾ ಕಲಿಸಿದ್ದು ಕೈಗೆ ಗೊತ್ತಿತ್ತು, ತಲೆಗೆ ಏನೂ ಗೊತ್ತಿರಲಿಲ್ಲ. ಮರಕ್ಕೆ ಒರಗಿಸಿಟ್ಟು ಅವನ ಕಡೆ ಹೋದೆ. ಓಡಿದೆನೋ, ಬಿದ್ದು ಎದ್ದೆನೋ.

"ನೋಡಿದ್ಯಾ? ಲೆಂಪಿ, ನೋಡಿದ್ಯೇನೇ?" ಅವನ ಕಣ್ಣಲ್ಲಿ ನೀರಿತ್ತು, ಮುಖವೆಲ್ಲ ಹಬ್ಬವಾಗಿತ್ತು. "ಹೊಳೆಯಿಂದ ಅದರ ಹಿಂದೆಹಿಂದೇನೇ ಬಂದೆ! ಅದು ಒಂದೊಂದು ಹೆಜ್ಜೆ ಇಟ್ರೆ ನಾನೂ ಒಂದು ಹೆಜ್ಜೆ. ಅದು ನಿಂತ್ರೆ ನಾನೂ ನಿಲ್ತಿದ್ದೆ. ಹಿಂದಿನಿಂದ ಅದರ ಉಸಿರು ಕೇಳಿಸ್ತಿತ್ತು ಕಣೇ! ನಂಗೆ ಬಂಡಿ ಎಳೀತಿದೀನಿ ಅನ್ನೋದೇ ಮರೆತುಹೋಯ್ತು."

"ನಿನ್ನ ಅಂಗಿ ಎಲ್ಲೋ?" ನನ್ನ ದನಿ ನನ್ನದಾಗಿರಲಿಲ್ಲ. "ಕಿತ್ತಳೆ ಅಂಗಿ ಎಲ್ಲಿ?"

"ಜಿಂಕೆ ಮೇಲಿದೆಯಲ್ಲ." ಇದೇನು ಪ್ರಶ್ನೆ ಎನ್ನುವ ಹಾಗೆ ಪೈನ್ ಮರದ ಕಡೆ ಕೈ ತೋರಿಸಿದ. "ಮರಕ್ಕೆ ಒರಗಿಸಿ ಕೊಂಬಿಗೆ ಅಂಗಿ ಕಟ್ಟಿದೀನಿ, ಟೊಪ್ಪೀನೂ ಸಿಕ್ಕಿಸಿದೀನಿ. ಸತ್ತ ಜಿಂಕೆಗೆ ಕಿತ್ತಳೆ ಕಟ್ಟಬೇಕು, ಇಲ್ಲಾಂದ್ರೆ ಜೀವಂತ ಅಂತ ಯಾರಾದ್ರೂ ಹೊಡೀತಾರೆ. ಅಕ್ಕ ಹೇಳಿಲ್ವಾ?"

"ಮರ ಬಿಟ್ಟು ಏಳಬೇಡ ಅಂತ ಹೇಳಿರಲಿಲ್ವಾ?"

"ಬಂಡಿ ತರೋದಕ್ಕೆ ಎದ್ದೆ. ಎಳೆಯಲ್ಲ ಅಂತ ನಿಂಗೆ ಮಾತು ಕೊಟ್ಟಿದ್ನಲ್ಲೇ. ನೀವಿಬ್ಬರೂ ಯಾಕೆ ಹೊಳೆ ತನಕ ನಡೀಬೇಕು ಅಂತ." ಮೂಗು ಒರೆಸಿಕೊಂಡ. "ಅದಿರಲಿ, ಪಾದ್ರಿ ನಿನ್ನ ಎದುರಿಗೇ ನಿಂತಿತ್ತಲ್ಲ, ಅಷ್ಟು ಹೊತ್ತು! ಯಾಕೆ ಹೊಡೀಲಿಲ್ಲ? ಯಾಕೆ ಹಾಗೆ ಕಿರುಚಿದೆ?"

ನಾನು ಅವನ ಹಿಂದಿನ ಹಿಮದ ಕಡೆ ಕೈ ತೋರಿಸಿದೆ. ನನ್ನ ಮುಖ ನೋಡಿ ಅವನ ನಗು ಸ್ವಲ್ಪ ಸ್ವಲ್ಪವೇ ಇಳಿಯಿತು. ಅವನು ತಿರುಗಿ ತನ್ನ ಹೆಜ್ಜೆಗಳನ್ನು ನೋಡಿದ. ಹೊಸ ಹಿಮದ ಮೇಲೆ ಅವು ಸೀಡರಿನಿಂದ ನೇರವಾಗಿ ಬಂದಿದ್ದವು. ಅವುಗಳ ಮುಂದೆ, ಅದೇ ಗೆರೆಯಲ್ಲಿ, ಪಾದ್ರಿ ನಿಂತ ಜಾಗದ ನಾಲ್ಕು ಆಳವಾದ ಗುರುತುಗಳು. ಅದರ ಮುಂದೆ, ಅದೇ ಗೆರೆಯಲ್ಲಿ, ನನ್ನ ಹೆಮ್ಲಾಕ್ ಮರ, ಮರಕ್ಕೆ ಒರಗಿಸಿದ ಕೋವಿ. ಸುತ್ತ ಅಷ್ಟೊಂದು ದೊಡ್ಡ ಕಾಡು, ಎಲ್ಲಿ ಬೇಕಾದರೂ ನಡೆಯಬಹುದಿತ್ತು, ಎಲ್ಲಿ ಬೇಕಾದರೂ ನಿಲ್ಲಬಹುದಿತ್ತು. ಯಾರೋ ಹಗ್ಗ ಹಿಡಿದು ಎಳೆದ ಹಾಗೆ ಮೂರೂ ಒಂದೇ ಸಾಲಿನಲ್ಲಿದ್ದವು. ಹಿಮ ಆ ಸಾಲಿನ ಮೇಲೆ ಸದ್ದಿಲ್ಲದೆ ಬೀಳುತ್ತಿತ್ತು. ಅಷ್ಟು ಶಾಂತವಾದ, ಅಷ್ಟು ಭಯಂಕರವಾದ ಇನ್ನೊಂದನ್ನು ನಾನು ಕಂಡಿಲ್ಲ.

ಸುಲೊ ಹಗ್ಗವನ್ನು ಕೆಳಗೆ ಬಿಟ್ಟ.

"ಬೆರಳು ಇಟ್ಟಿದ್ಯಾ?" ಎಂದು ಕೇಳಿದ, ಬಹಳ ಮೆಲ್ಲಗೆ.

"ಇಟ್ಟಿದ್ದೆ," ಎಂದೆ.

ಅವನು ತಲೆಯಾಡಿಸಿದ. ಆಮೇಲೆ ನನ್ನ ಬಲಗೈಯ ಗವಸು ಬಿಚ್ಚಿ, ಆ ಬೆರಳನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. ಬೆರಳು ಚಳಿಗೆ ಮರಗಟ್ಟಿತ್ತು. ಬಾಯಿಯ ಹತ್ತಿರ ತಂದು ಉಸಿರು ಊದಿ, ಉಜ್ಜಿ ಉಜ್ಜಿ, ಅದು ಬೆಚ್ಚಗಾಗುವವರೆಗೂ ಬಿಡಲಿಲ್ಲ.